ನಕ್ಷತ್ರ ಬರೆಯುವ ಮೊದಲು ನೀಲಿ ಬಣ್ಣದಡಿ ನೋಡಿ

ಪ್ರಶ್ನೆ: ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ತಾತ ಮಿಲಿಟರಿ ಡಿಸ್ಪೋಸಲ್‌ನಲ್ಲಿ (ಸೇನೆಗೆ ಬೇಡವಾದ ಮಾಲಿನ ಹರಾಜಿನಲ್ಲಿ) ಒಂದು ಜೀಪನ್ನೂ ಅದರ ಟ್ರೇಲರನ್ನೂ ಕೊಂಡಿದ್ದರಂತೆ. ಜೀಪು ಯಾವಾಗಲೋ ಗುಜರಿ ಸೇರಿತು. ಟ್ರೇಲರ್ ಮಾತ್ರ ಸಕಲೇಶಪುರದ ತೋಟದ ಶೆಡ್ಡಿನಲ್ಲಿ ಉಳಿದಿತ್ತು. ಈಗ ಬನಶಂಕರಿಯ ಮನೆಗೆ ತಂದಿದ್ದೇನೆ. ಮೈತುಂಬ ದಪ್ಪನೆಯ ನೀಲಿ ಬಣ್ಣ, ಹಿಂದೆ ಕೀಲು ಹಾಕಿದ ಬಾಗಿಲು, ತಳದಲ್ಲಿ ಅಲ್ಲಲ್ಲಿ ತುಕ್ಕು. ಯುದ್ಧಕಾಲದಲ್ಲಿ ಹೇಗಿತ್ತೋ ಹಾಗೆಯೇ ಮಾಡಿಸಬೇಕೆಂಬ ಆಸೆ. ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಸಿಡಿಸಿ ಹಳೆ ಬಣ್ಣ ಕೀಳುವುದು) ಮಾಡಿಸಿ, ಮಿಲಿಟರಿ ಹಸಿರು ಹೊಡೆಸಿ, ಪಕ್ಕಕ್ಕೆ ಉಂಗುರದೊಳಗೆ ಬಿಳಿ ನಕ್ಷತ್ರ, ಕೊನೆಗೆ ‘ಎಸ್’ ಇರುವ ‘ಯು.ಎಸ್.ಎ.’ ನಂಬರು, ಹಿಂದೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ 25ನೇ ಡಿವಿಷನ್ನಿನ ಇಸ್ಪೀಟ್ ಎಕ್ಕ ಬರೆಸೋಣ ಅಂದುಕೊಂಡಿದ್ದೇನೆ. ಇದು ಸರಿಯೇ? ನನ್ನ ಜೀಪಿಗೆ ಕಟ್ಟಿಕೊಂಡು ರಸ್ತೆಗೂ ಇಳಿಸಬೇಕು.

ಉತ್ತರ: ಮೊದಲು ಗ್ಯಾರೇಜಿನವರಿಗೆ ಫೋನ್ ಮಾಡಿ, ಸ್ಯಾಂಡ್ ಬ್ಲಾಸ್ಟಿಂಗ್ ಬೇಡ ಅನ್ನಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಇಷ್ಟು ಅವಸರ ಯಾಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ನನ್ನ ಮೊದಲ ಟ್ರೇಲರನ್ನು ಯಲಹಂಕದ ಕಡೆಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ನನಗೂ ಸಂತೋಷವೇ. ವಾರ ಕಳೆದ ಮೇಲೆ, ಒಯ್ಯುವ ಮೊದಲು ತೆಗೆದಿದ್ದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಹಿಂಬದಿಯ ತಗಡಿನ ಮೇಲೆ ಎರಡು ಅಂಕಿಗಳ ಉಬ್ಬು ಕಂಡಿತು. ಮೂರನೆಯದು ಅರ್ಧ. ಆ ನಂಬರು ಏನಾಗಿತ್ತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅದು ಮರಳಿನ ಜೊತೆ ಮೋರಿ ಸೇರಿತು.

ಈಗ ನಿಮ್ಮ ಟ್ರೇಲರ್ ಯಾವುದು ಅನ್ನುವ ಪ್ರಶ್ನೆ. ಯುದ್ಧಕಾಲದ ಕಾಲು ಟನ್ ಜೀಪ್ ಟ್ರೇಲರ್‌ಗಳಲ್ಲಿ ಮುಖ್ಯವಾದವು ಎರಡು: ಬ್ಯಾಂಟಮ್ ಕಂಪನಿಯ ಟಿ-3 ಮತ್ತು ವಿಲ್ಲಿಸ್ ಕಂಪನಿಯ ಎಂಬಿಟಿ. ಬ್ಯಾಂಟಮ್‌ನ ಕಥೆ ಸ್ವಲ್ಪ ಹೊಟ್ಟೆ ಉರಿಸುವಂಥದ್ದು. ಜೀಪಿನ ಮೊಟ್ಟಮೊದಲ ಮಾದರಿಯನ್ನು ಹಗಲೂ ರಾತ್ರಿ ದುಡಿದು 1940ರ ಸೆಪ್ಟೆಂಬರಿನಲ್ಲಿ ಸೇನೆಗೆ ಒಪ್ಪಿಸಿದವರು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಈ ಪುಟ್ಟ ಕಂಪನಿಯವರು. ಜೀಪಿನ ದೊಡ್ಡ ಆರ್ಡರೆಲ್ಲ ವಿಲ್ಲಿಸ್ ಮತ್ತು ಫೋರ್ಡ್‌ಗೆ ಹೋಯಿತು. ಹೆತ್ತವರ ಪಾಲಿಗೆ ಉಳಿದದ್ದು ಹಿಂದೆ ಎಳೆಯುವ ಗಾಡಿ.

ಎರಡೂ ಮಾದರಿ ಹೆಚ್ಚುಕಡಿಮೆ ಒಂದೇ. ಖಾಲಿ ತೂಕ 550 ಪೌಂಡ್, ಹೊರುವ ಭಾರ 500 ಪೌಂಡ್, ಅಂದರೆ ಸುಮಾರು 227 ಕಿಲೊ. ಟಯರ್ 6.00-16, ದೀಪಕ್ಕೆ 6 ವೋಲ್ಟ್. ಮೂಕಿಯ ತುದಿಯಲ್ಲಿ ಉಕ್ಕಿನ ದೊಡ್ಡ ಬಳೆ. ಅದು ಜೀಪಿನ ಹಿಂದಿನ ಪಿಂಟಲ್ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಹೊಳೆ ದಾಟುವಾಗ ತೇಲಲೆಂದು ಇಡೀ ತೊಟ್ಟಿಯನ್ನು ನೀರು ನುಗ್ಗದಂತೆ ಮಾಡಿದ್ದರು. ತಳದಲ್ಲಿ ನೀರು ಬಿಡಲು ಎರಡು ಬಿರಡೆಗಳಿರುತ್ತವೆ. ನಿಮ್ಮ ಟ್ರೇಲರ್ ತಳದಲ್ಲಿ ಆ ಎರಡು ತೂತು ಇದ್ದರೆ ಒಳ್ಳೆಯ ಲಕ್ಷಣ. ಟಯರ್ 7.00-16 ಇದ್ದು ವೈರಿಂಗ್ 24 ವೋಲ್ಟಿನದಾದರೆ ಅದು ಯುದ್ಧ ಮುಗಿದ ಮೇಲೆ ಬಂದ ಎಂ-100 ಆಗಿರುವ ಸಾಧ್ಯತೆ ಹೆಚ್ಚು. ಆದರೆ ತೋಟದ ಗಾಡಿಗಳಿಗೆ ಸಿಕ್ಕ ಟಯರ್ ಹಾಕುತ್ತಿದ್ದರು, ಹಾಗಾಗಿ ಟಯರ್ ಒಂದನ್ನೇ ನಂಬಬೇಡಿ. ತಯಾರಕರ ವಿವರ ಕೆತ್ತಿದ ಡೇಟಾ ಪ್ಲೇಟ್ ಇದ್ದರೆ ಗೆದ್ದಿರಿ. ಇಲ್ಲದಿದ್ದರೆ ಅದನ್ನು ಕೂರಿಸಿದ್ದ ರಿವೆಟ್ ತೂತುಗಳನ್ನಾದರೂ ಹುಡುಕಿ. ಪೇಟೆಯಲ್ಲಿ ಸಿಗುವ ಹೊಸ ನಕಲು ಪ್ಲೇಟಿಗೆ ಇಷ್ಟ ಬಂದ ತಾರೀಖು ಕೆತ್ತಿಸಿ ಹಾಕುವವರನ್ನು ನಾನು ಬಲ್ಲೆ. ದಯವಿಟ್ಟು ಬೇಡ.

ನಿಮ್ಮ ಹಿಂಬಾಗಿಲು ನನಗೆ ಕುತೂಹಲ ಹುಟ್ಟಿಸಿದೆ. ತೇಲುವ ತೊಟ್ಟಿಗೆ ಬಾಗಿಲೆಲ್ಲಿಂದ ಬರಬೇಕು? ಯುದ್ಧಕಾಲದ ಟ್ರೇಲರಿನ ಹಿಂಬದಿ ಮುಚ್ಚಿದ ತಗಡು. ಯುದ್ಧದ ನಂತರ ಬ್ಯಾಂಟಮ್‌ನವರು ನಾಗರಿಕರಿಗಾಗಿ ಬಾಗಿಲಿರುವ ಮಾದರಿ ತಂದದ್ದು ನಿಜ. ಆದರೆ ನಿಮ್ಮದು ಡಿಸ್ಪೋಸಲ್ ಮಾಲು ಅನ್ನುತ್ತೀರಿ. ನನ್ನ ಊಹೆ ಹೇಳುತ್ತೇನೆ: ಕಾಫಿ ಮೂಟೆಯನ್ನು ಪ್ರತಿಸಲ ಅಂಚಿನ ಮೇಲಿಂದ ಎತ್ತಿ ಹಾಕಿ ಸೊಂಟ ಬಿದ್ದುಹೋದ ಮೇಲೆ ನಿಮ್ಮ ತಾತ ಮೇಸ್ತ್ರಿಯನ್ನು ಕರೆಸಿ ಹಿಂದಿನ ತಗಡನ್ನು ಕೊಯ್ಯಿಸಿ ಕೀಲು ಹಾಕಿಸಿರಬೇಕು. ಕೊಯ್ದ ಅಂಚು ಗ್ಯಾಸ್ ಕಟರಿನ ಗೆರೆಯಂತೆ ವಕ್ರವಾಗಿದೆಯೇ, ಬಾಗಿಲಿನ ತಗಡಿನ ದಪ್ಪವೂ ಮಡಿಕೆಯೂ ಪಕ್ಕದ ತಗಡಿಗೆ ಹೊಂದುತ್ತವೆಯೇ ನೋಡಿ. ಹೊಂದಿದರೆ ಬಾಗಿಲಾಗಿರುವುದು ಮೂಲ ತಗಡೇ. ಟ್ರೇಲರಿನ ಗುರುತುಗಳಿಗೆ ಹಿಂಬದಿಯೇ ಮುಖ್ಯ ಜಾಗ. ನಿಮ್ಮ ಇಡೀ ಗಾಡಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ, ಎಲ್ಲರೂ ಮೊದಲು ಕಿತ್ತೆಸೆಯುವ ಆ ಬಾಗಿಲೇ ಇರಬಹುದು.

ಈಗ ನೀಲಿಯಡಿ ಏನಿದೆ ಎಂದು ನೋಡುವ ಬಗೆ. ರಾತ್ರಿ ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ತಗಡಿಗೆ ತಾಗಿದಂತೆ ಓರೆಯಾಗಿ ಹಿಡಿಯಿರಿ. ಹಳೆಯ ಅಕ್ಷರದ ಅಂಚು ಕೂದಲೆಳೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು, ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಫೋಟೋ ತೆಗೆಯಿರಿ. ಚಿತ್ರದೊಳಗೆ ಒಂದು ಸ್ಕೇಲ್ ಇರಲಿ. ಆಮೇಲೆ, ಗುರುತು ಇರಲಾರದ ಮೂಲೆಯೊಂದರಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಆರಿಸಿ 400ರ ವಾಟರ್ ಪೇಪರಿನಿಂದ ಆರಂಭಿಸಿ, 600, 1000 ಎಂದು ನಯಕ್ಕೆ ಹೋಗುತ್ತ, ನೀರು ಹಾಕಿಕೊಂಡು ನಿಧಾನ ಉಜ್ಜಿ. ಈರುಳ್ಳಿ ಕೊಯ್ದ ಹಾಗೆ ಉಂಗುರ ಉಂಗುರವಾಗಿ ಪದರಗಳು ತೆರೆದುಕೊಳ್ಳುತ್ತವೆ. ನೀಲಿ, ಅದರಡಿ ರೆಡ್ ಆಕ್ಸೈಡ್, ಅದರಡಿ ಇನ್ನೇನೋ. ಒಣಗಿಸಿ ಉಜ್ಜಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರುವುದುಂಟು. ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಇಂಥ ಕಿಟಕಿ ಏಳೆಂಟು ಬೇಕಾಗುತ್ತದೆ: ಪಕ್ಕ, ಹಿಂದೆ, ತೊಟ್ಟಿಯ ಒಳಗೆ, ಚಾಸಿಗೆ. ಎರಡು ಭಾನುವಾರದ ಕೆಲಸ.

ಪದರಗಳು ಯಾವ ಕ್ರಮದಲ್ಲಿವೆ ಎಂಬುದರಲ್ಲೇ ಕಥೆಯಿದೆ. ಎಲ್ಲಕ್ಕಿಂತ ಕೆಳಗೆ ಮಂಕಾದ ಆಲಿವ್ ಡ್ರ್ಯಾಬ್ ಸಿಗಬೇಕು, ಅದು ಕಾರ್ಖಾನೆಯ ಬಣ್ಣ. ನಮ್ಮ ಅಂಗಡಿಗಳಲ್ಲಿ ‘ಮಿಲಿಟರಿ ಗ್ರೀನ್’ ಎಂದು ಕೊಡುವ ಡಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಕಪ್ಪು ಮತ್ತು ಹಳದಿ ಮಣ್ಣಿನ ಬಣ್ಣ ಕಲಸಿದರೆ ಬರುವಂಥ ಬಣ್ಣ ಅದು. ಹಸಿರಿಗಿಂತ ಕಂದಿಗೆ ಹತ್ತಿರ, ಹೊಳಪು ಸುತರಾಂ ಇಲ್ಲ. ಅದರ ಮೇಲೆ ಅಮೆರಿಕನ್ನರು ನೋಂದಣಿ ಸಂಖ್ಯೆಯನ್ನು ಬಹುಕಾಲ ಬರೆದದ್ದು ಬಿಳಿಯಲ್ಲಲ್ಲ, ಮಂಕು ನೀಲಿಯಲ್ಲಿ. ದೂರದಿಂದ ಕಾಣದಿರಲೆಂದೇ ಆರಿಸಿದ ಬಣ್ಣವದು. ಕಪ್ಪುಬಿಳುಪು ಫೋಟೋದಲ್ಲಿ ನಂಬರೇ ಇಲ್ಲವೇನೋ ಅನ್ನಿಸುತ್ತದೆ. ಬಿಳಿ ನಂಬರು ಬಂದದ್ದು ಯುದ್ಧದ ಕೊನೆಕೊನೆಗೆ. ನೀವು ಉಜ್ಜುವಾಗ ಕಂದು ಹಸಿರಿನ ನಡುವೆ ನೀಲಿಯ ಛಾಯೆ ಕಂಡರೆ ಅದು ತಾತನ ನೀಲಿಯೆಂದು ತಳ್ಳಿಹಾಕಬೇಡಿ, ಅಲ್ಲೇ ನಿಲ್ಲಿಸಿ.

ಇನ್ನು ನೀವು ಬರೆಸಬೇಕೆಂದಿರುವ ಗುರುತುಗಳು. ಒಂದೊಂದೂ ಸಾಚಾ, ಆದರೆ ಒಟ್ಟಿಗೆ ಸೇರಿದಾಗ ಬಿಸಿಬೇಳೆಭಾತಿಗೆ ಹೋಳಿಗೆ ಸಾರು ಸುರಿದ ಹಾಗೆ. ವಾಹನದ ಗುರುತನ್ನು ಅಂಚೆಯ ವಿಳಾಸದಂತೆ ಓದಬೇಕು: ಯಾವ ಸೇನೆ, ಯಾವ ಘಟಕ, ಯಾವ ಹೊತ್ತು. ನೀವು ಮೂರು ಬೇರೆ ಬೇರೆ ಮನೆಯ ವಿಳಾಸವನ್ನು ಒಂದೇ ಲಕೋಟೆಯ ಮೇಲೆ ಬರೆಯಹೊರಟಿದ್ದೀರಿ.

‘ಎಸ್’ ಅಕ್ಷರದಿಂದ ಶುರು ಮಾಡೋಣ, ಅದು ಸುಲಭ. ಅಮೆರಿಕನ್ ನಂಬರಿನ ಕೊನೆಯ ಎಸ್ ಎಂದರೆ ಆ ವಾಹನದ ಇಗ್ನಿಷನ್ನಿನಿಂದ ರೇಡಿಯೊಗೆ ಗರಗರ ಶಬ್ದ ಹೋಗದಂತೆ ತಡೆ ಅಳವಡಿಸಿದೆ ಎಂದು. ಟ್ರೇಲರಿಗೆ ಎಂಜಿನ್ನೇ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಯಾವುದೋ ಜೀಪಿನ ಫೋಟೋ ನೋಡಿ ಯಾರೋ ನಕಲು ಮಾಡಿದ್ದನ್ನು ಇನ್ನೊಬ್ಬರು ನಕಲು ಮಾಡಿದಾಗ ಹೀಗಾಗುತ್ತದೆ. ನಂಬರಿನ ಮೊದಲೂ ಅಷ್ಟೇ: ಜೀಪಿನ ಸಂಖ್ಯೆ 20ರಿಂದ ಶುರುವಾದರೆ ಟ್ರೇಲರಿನದು ಸೊನ್ನೆಯಿಂದ.

ನಕ್ಷತ್ರದ ಸುತ್ತಲಿನ ಉಂಗುರದ ಹುಟ್ಟು ಇನ್ನೊಂದು ರಣರಂಗದ್ದು. ಇಟಲಿಯ ಸಿಸಿಲಿ ದ್ವೀಪದ 1943ರ ಕಾರ್ಯಾಚರಣೆಯ ಹೊತ್ತಿಗೆ, ದೂರದಿಂದ ಬರೀ ನಕ್ಷತ್ರ ಜರ್ಮನ್ನರ ಶಿಲುಬೆಯಂತೆ ಕಾಣುತ್ತದೆಂಬ ತಲೆನೋವಿಗೆ ಉಂಗುರ ಸೇರಿಸಿದರು. ಗುರುತು ಬರೆಯಲು ಬಳಸುವ ಕೊರೆದ ಹಾಳೆ (ಸ್ಟೆನ್ಸಿಲ್) ಉದುರಿಹೋಗದಿರಲೆಂದು ಬಿಟ್ಟ ಸಂದುಗಳಿಂದ ಉಂಗುರ ತುಂಡುತುಂಡಾಗಿ ಕಾಣುತ್ತದೆ. ನಿಮ್ಮ ಟ್ರೇಲರ್ ಭಾರತದಲ್ಲೇ ಸೇವೆ ಮುಗಿಸಿ ಇಲ್ಲೇ ಹರಾಜಾಗಿದ್ದರೆ, ಸಾಕ್ಷಿಯಿಲ್ಲದೆ ಆ ಉಂಗುರವನ್ನು ಸಿಸಿಲಿಯಿಂದ ಸಕಲೇಶಪುರಕ್ಕೆ ಎಳೆದು ತರುವ ಅಗತ್ಯವಿಲ್ಲ.

ಉಳಿದದ್ದು ಎಕ್ಕ. ಇದರ ಮೇಲೆ ನಿಮಗಿರುವ ಮೋಹ ನನಗೂ ಇದೆ. 25ನೇ ಭಾರತೀಯ ಡಿವಿಷನ್ 1942ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಹಸಿರು ನೆಲದ ಮೇಲೆ ಕಪ್ಪು ಇಸ್ಪೀಟ್ ಎಕ್ಕ ಅದರ ಲಾಂಛನ. 1944ರಲ್ಲಿ ಬರ್ಮಾದ ಅರಕಾನಿಗೆ ಹೋಯಿತು, 1945ರ ಆರಂಭದಲ್ಲಿ ಅಲ್ಲಿನ ಕಂಗಾವ್‌ನಲ್ಲಿ ಭೀಕರವಾಗಿ ಕಾದಾಡಿತು. ಅಲ್ಲಿ ಅದರ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳನ್ನು ನಡೆಸಿದವರು ಭಾರತೀಯ ಅಧಿಕಾರಿಗಳೇ. ಅವರಲ್ಲೊಬ್ಬರು ನಮ್ಮ ಕೊಡಗಿನ ತಿಮ್ಮಯ್ಯ. ಇಷ್ಟೆಲ್ಲ ಇದ್ದರೂ ಈ ಎಕ್ಕ ‘ಯು.ಎಸ್.ಎ.’ ನಂಬರಿನ ಪಕ್ಕ ಕೂರುವುದಿಲ್ಲ: ಎಕ್ಕ ಬ್ರಿಟಿಷ್ ಕಡೆಯದು, ನಂಬರು ಅಮೆರಿಕನ್ ಸೇನೆಯದು. ಅಮೆರಿಕ ಮಿತ್ರರಿಗೆ ಯುದ್ಧಸಾಮಗ್ರಿ ಕೊಟ್ಟ ಲೆಂಡ್-ಲೀಸ್ ಒಪ್ಪಂದದಲ್ಲಿ ಬ್ರಿಟಿಷ್ ಕಡೆಗೆ ಬಂದ ಅಮೆರಿಕನ್ ಗಾಡಿಗೆ ಬ್ರಿಟಿಷ್ ನಂಬರು ಬೀಳುತ್ತಿತ್ತು. ಆ ಪದ್ಧತಿಯಲ್ಲಿ ಜೀಪಿಗೆ ‘ಎಂ’, ಟ್ರೇಲರಿಗೆ ‘ಎಕ್ಸ್’ ಮೊದಲಕ್ಷರ. ಹಿಂಬದಿಯಲ್ಲಿ ಒಂದು ಕಡೆ ಡಿವಿಷನ್ನಿನ ಲಾಂಛನ, ಇನ್ನೊಂದು ಕಡೆ ದಳ ಯಾವುದೆಂದು ಹೇಳುವ ಬಣ್ಣದ ಚೌಕ, ಅದರೊಳಗೆ ಬಿಳಿ ಅಂಕಿ. ಮೇಲೆ ಕೆಂಪು ಕೆಳಗೆ ನೀಲಿಯಾದರೆ ಫಿರಂಗಿ ದಳ, ಮೇಲೆ ಬಿಳಿ ಕೆಳಗೆ ನೀಲಿಯಾದರೆ ಸಿಗ್ನಲ್ಸ್, ಓರೆಯಾಗಿ ಕೆಂಪು-ಹಸಿರಾದರೆ ಸರಬರಾಜು, ಪೂರ್ತಿ ಕೋಬಾಲ್ಟ್ ನೀಲಿಯಾದರೆ ಎಂಜಿನಿಯರುಗಳು. ನಿಮ್ಮ ಬಾಗಿಲಿನಡಿ ಕೋಬಾಲ್ಟ್ ಚೌಕ ಸಿಕ್ಕರೆ ನನಗೊಂದು ಫೋಟೋ ಕಳಿಸಿ. ಹಲಸೂರು ಕೆರೆಯ ಪಕ್ಕದ ಎಂಜಿನಿಯರ್ ದಳ, ಮದ್ರಾಸ್ ಸ್ಯಾಪರ್ಸ್, ನೆನಪಾಗದೆ ಇರುತ್ತಾರೆಯೇ? ಆದರೂ ಚೌಕವೊಂದೇ ಅವರದೆಂದು ಸಾಬೀತು ಮಾಡುವುದಿಲ್ಲ. ಎಂಜಿನಿಯರ್ ಘಟಕಗಳು ಬೇಕಾದಷ್ಟಿದ್ದವು.

ಅಮೆರಿಕನ್ ಗುರುತಷ್ಟೇ ಸಿಕ್ಕಿತು ಅನ್ನಿ. ಆಗ ಎಚ್‌ಎಎಲ್ ಕಥೆ ನಿಮ್ಮನ್ನು ಕೈಬೀಸಿ ಕರೆಯುತ್ತದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1943ರಲ್ಲಿ ಅಮೆರಿಕನ್ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೊ ಆಯಿತು. ಯುದ್ಧ ವಿಮಾನಗಳ ದೊಡ್ಡ ರಿಪೇರಿಯೆಲ್ಲ ಇಲ್ಲೇ. ಅಮೆರಿಕನ್ ಜೀಪುಗಳು ನಮ್ಮ ಎಂ.ಜಿ. ರೋಡಿನಲ್ಲಿ, ಅಂದಿನ ಸೌತ್ ಪೆರೇಡಿನಲ್ಲಿ, ಓಡಾಡಿದವೇ. ಹಾಗೆಂದು ನಿಮ್ಮ ಟ್ರೇಲರ್ ಅಲ್ಲಿಯದೇ ಅನ್ನಲಾಗದು. ಅಸ್ಸಾಂ, ಬಂಗಾಳದ ಡಿಪೊಗಳಿಂದಲೂ ಡಿಸ್ಪೋಸಲ್ ಮಾಲು ದೇಶದ ತುಂಬ ಹರಿದಿತ್ತು. ತಾತನ ರಸೀದಿ, ತೋಟದ ಲೆಕ್ಕದ ಪುಸ್ತಕ, ಹಳೆಯ ಆರ್‌ಸಿ ಇದ್ದರೆ ಹುಡುಕಿ. ‘ಎಂವೈ’ಯಿಂದ ಶುರುವಾಗುವ ಮೈಸೂರು ಕಾಲದ ನಂಬರು ಎಲ್ಲಾದರೂ ಸಿಕ್ಕರೆ ಅದು ಎರಡು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡನೆಯದನ್ನು ಮುಂದೆ ಹೇಳುತ್ತೇನೆ.

ಏನೂ ಸಿಗದಿದ್ದರೆ? ಬರೀ ಮಂಕು ಬಣ್ಣ ಹೊಡೆದು ಬಿಡಿ. ಶತ್ರುವಿಗೆ ಸುಳಿವು ಸಿಗದಿರಲೆಂದು ಘಟಕದ ಗುರುತುಗಳನ್ನು ಅಳಿಸಿಯೇ ಓಡಿಸುತ್ತಿದ್ದ ಕಾಲವೂ ಇತ್ತು, ಹಾಗಾಗಿ ಗುರುತಿಲ್ಲದ ಟ್ರೇಲರ್ ಸುಳ್ಳಾಗುವುದಿಲ್ಲ. ಕಂಗಾವ್‌ನಲ್ಲಿ ಸತ್ತವರ ಎಕ್ಕವನ್ನು ಅಂದಕ್ಕೆಂದು ಅಂಟಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಸಿಕ್ಕಿದರೆ, ಅಳತೆ ಮುಖ್ಯ. ನಿಮ್ಮ ಕಿಟಕಿಯಲ್ಲಿ ಅರ್ಧ ಅಕ್ಷರ ಸಿಕ್ಕಿದೆ, ಉಳಿದದ್ದಕ್ಕೆ ಹಳೆಯ ಫೋಟೋವೇ ಗತಿ ಎಂದಿಟ್ಟುಕೊಳ್ಳಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಬರ್ಮಾ ಯುದ್ಧದ ಫೋಟೋಗಳು ಸಾಕಷ್ಟಿವೆ, ಮನೆಯಲ್ಲೇ ಕೂತು ನೋಡಬಹುದು. ಚಿತ್ರದಲ್ಲಿ ಚಕ್ರ ಕಂಡರೆ ಸಾಕು: ರಿಮ್ 16 ಇಂಚು ಎಂದು ಗೊತ್ತಿರುವುದರಿಂದ ಅಕ್ಷರದ ಎತ್ತರವನ್ನು ತ್ರೈರಾಶಿಯಲ್ಲಿ ತೆಗೆಯಬಹುದು. ಓರೆಯಲ್ಲಿ ತೆಗೆದ ಚಿತ್ರವಾದರೆ ಅಗಲದ ಲೆಕ್ಕ ಮೋಸ ಮಾಡುತ್ತದೆ, ಎತ್ತರವನ್ನೇ ಹಿಡಿಯಿರಿ. ಬರೆಸುವಾಗ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ಹೋಗಬೇಡಿ. ಬೆಂಗಳೂರಿನಲ್ಲಿ ಇನ್ನೂ ಕೈಯಲ್ಲಿ ಬೋರ್ಡ್ ಬರೆಯುವ, ಲಾರಿಯ ಹಿಂದೆ ಹೂಬಳ್ಳಿ ಬಿಡಿಸುವ ಪೇಂಟರುಗಳಿದ್ದಾರೆ. ಅವರಿಗೆ ಒಂದೇ ಮಾತು ಹೇಳಿ: ಚಂದ ಮಾಡಬೇಡಿ. ಇದು ಅವರಿಗೆ ಬಹಳ ಕಷ್ಟ. ನನ್ನ ಪೇಂಟರ್ ಅಂಕಿಗಳಿಗೆ ನೆರಳು ಕೊಟ್ಟೇ ತೀರುತ್ತೇನೆಂದು ಹಟ ಹಿಡಿದಿದ್ದರು. ಎರಡು ಕಾಫಿ ಕುಡಿಸಿ ಒಪ್ಪಿಸಬೇಕಾಯಿತು.

ಈಗ ರಸ್ತೆ. ಇಲ್ಲಿ ನಿಮಗೆ ಬೇಸರವಾಗಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಗೆ ಸೇರದ ಯಾವ ಮೋಟಾರು ವಾಹನಕ್ಕೂ ಆಲಿವ್ ಗ್ರೀನ್ ಬಣ್ಣ ಹಾಕುವಂತಿಲ್ಲ. ‘ಸಾರ್, ಇದು ಗ್ರೀನ್ ಅಲ್ಲ, ಡ್ರ್ಯಾಬ್’ ಎಂದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ವಾದ ಮಾಡುವ ಉತ್ಸಾಹ ನಿಮಗಿದ್ದರೂ ಹಿಂದೆ ನಿಂತವರಿಗೆ ಇರುವುದಿಲ್ಲ. ಟ್ರೇಲರಿಗೂ ನೋಂದಣಿ ಬೇಕು. ಆ ಹಳೆಯ ಮೈಸೂರು ನಂಬರಿನ ಎರಡನೆಯ ಉಪಯೋಗ ಇದೇ, ಆರ್‌ಟಿಒಗೆ ತೋರಿಸಲು ಒಂದು ಆಧಾರ. 2021ರಲ್ಲಿ ಬಂದ ವಿಂಟೇಜ್ ನಿಯಮವನ್ನು ನೆಚ್ಚಿಕೊಳ್ಳಬೇಡಿ, ಅದು 50 ವರ್ಷ ದಾಟಿದ ದ್ವಿಚಕ್ರ ಮತ್ತು ಕಾರು ಬಗೆಯ ನಾಲ್ಕು ಚಕ್ರದ ವಾಹನಗಳಿಗೆ. ಸೇನೆಯವರ ಮೇಲ್ಮುಖ ಬಾಣದ ನಂಬರ್ ಪ್ಲೇಟಿನ ಗೊಡವೆಗಂತೂ ಹೋಗಲೇಬೇಡಿ.

ಒಂದು ಸಣ್ಣ ಕಿಂಡಿ ಇದೆ. ಹಸಿರು ವರ್ಣದ್ರವ್ಯದ ಅಭಾವ ಬಂದಾಗ ಬ್ರಿಟಿಷರು 1942ರ ಸುಮಾರಿಗೆ ಎಸ್‌ಸಿಸಿ 2 ಎಂಬ ಕಂದು ಬಣ್ಣಕ್ಕೆ ಇಳಿದರು. 1944ರಲ್ಲಿ ಅಮೆರಿಕನ್ನರ ಡ್ರ್ಯಾಬಿಗೆ ಹೊಂದುವ ಎಸ್‌ಸಿಸಿ 15ಕ್ಕೆ ಹೋದರು. ನಿಮ್ಮ ಕಿಟಕಿಯಲ್ಲಿ ಡ್ರ್ಯಾಬಿನ ಮೇಲೊಂದು ಚಾಕೊಲೇಟಿನಂಥ ಪದರ ಸಿಕ್ಕರೆ ಅದೃಷ್ಟ: ಇತಿಹಾಸಕ್ಕೂ ಸರಿ, ನಿಯಮಕ್ಕೂ ಸರಿ. ಅಮೆರಿಕದಿಂದ ಬಂದ ಗಾಡಿಗಳು ಮೂಲ ಬಣ್ಣದಲ್ಲೇ ಉಳಿದದ್ದು ಹೆಚ್ಚು, ಆದ್ದರಿಂದ ಆಸೆಯನ್ನು ಹತೋಟಿಯಲ್ಲಿಡಿ. ಸಿಗದಿದ್ದರೆ ಡ್ರ್ಯಾಬ್ ಹೊಡೆದ ಟ್ರೇಲರನ್ನು ಪ್ರದರ್ಶನಕ್ಕೆ ಫ್ಲ್ಯಾಟ್‌ಬೆಡ್ಡಿನ ಮೇಲೆ ಒಯ್ಯಿರಿ. ರಸ್ತೆಗೆ ಇಳಿಸಲೇಬೇಕೆಂದರೆ ತಾತನ ನೀಲಿಯಲ್ಲೇ ಇರಲಿ. 1950ರ ಕಾಫಿ ತೋಟದ ಟ್ರೇಲರ್ ಕೂಡ ಒಂದು ನಿಖರವಾದ ಮರುಸ್ಥಾಪನೆಯೇ, ಬಾಗಿಲು ಕೀಲು ಸಮೇತ.

ಯಾಂತ್ರಿಕ ಕೆಲಸಕ್ಕೆ ಹೆಚ್ಚು ಮಾತು ಬೇಡ. ಬೇರಿಂಗ್, ಗ್ರೀಸ್, ಸ್ಪ್ರಿಂಗ್ ಪಟ್ಟೆ ಎಲ್ಲ ಕಲಾಸಿಪಾಳ್ಯದ ಯಾವ ಹಳೆ ಮೆಕ್ಯಾನಿಕ್ಕಿಗೂ ಗೊತ್ತು. ಎರಡು ಎಚ್ಚರಿಕೆ ಮಾತ್ರ. ಚಕ್ರ ಎರಡು ಹೋಳಿನ ಕಾಂಬ್ಯಾಟ್ ರಿಮ್ ಆಗಿದ್ದರೆ, ವಾಲ್ವಿನ ಪಿನ್ನೇ ತೆಗೆದು ಗಾಳಿ ಪೂರ್ತಿ ಹೋದ ಮೇಲೆಯೇ ಹೋಳುಗಳನ್ನು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ. ಗಾಳಿಯಿರುವಾಗ ಬಿಚ್ಚಿದರೆ ರಿಮ್ ಸಿಡಿದು ಪ್ರಾಣ ಹೋಗುತ್ತದೆ. ಆ ಕಾಲದ ಜೀಪಿನಲ್ಲಿ ಎಡಗಡೆಯ ಚಕ್ರದ ನಟ್‌ಗಳು ಎಡತಿರುಪಿನವು. ಟ್ರೇಲರಿನಲ್ಲೂ ಹಾಗಿರಬಹುದು, ಸ್ಟಡ್ಡಿನ ತುದಿಯನ್ನು ಉಜ್ಜಿ ನೋಡದೆ ಪೈಪ್ ಸಿಕ್ಕಿಸಿ ಬಲ ಹಾಕಬೇಡಿ. ತೊಟ್ಟಿಯ ತುಕ್ಕಿಗೆ ತೇಪೆ ಹಾಕಿದ ಮೇಲೆ, ಪ್ರೈಮರಿಗೆ ಮೊದಲು, ನೀರು ತುಂಬಿಸಿ ಸೋರುವುದನ್ನು ನೋಡಿ. ಬಾಗಿಲನ್ನು ಉಳಿಸಿಕೊಂಡರೆ ಈ ಪರೀಕ್ಷೆ ದಂಡ.

ಹಿಂದಿನ ದೀಪ ಮೂಲದ್ದೇ ಉಳಿದಿದ್ದರೆ ಎಲ್‌ಇಡಿ ಹಾಕಿ ಕೆಡಿಸಬೇಡಿ. ಬ್ಲ್ಯಾಕೌಟ್ ದೀಪದ (ಯುದ್ಧಕಾಲದ ಮಬ್ಬು ದೀಪದ) ಸಣ್ಣ ಕೆಂಪು ಸೀಳುಗಳು ಸುಮಾರು 60 ಅಡಿಯೊಳಗೆ ಬಂದರೆ ನಾಲ್ಕಾಗಿ ಕಾಣುತ್ತವೆ, ಹಿಂದೆ ಸರಿದರೆ ಕೂಡಿಕೊಂಡು ಎರಡಾಗುತ್ತವೆ, 180 ಅಡಿ ದಾಟಿದರೆ ಒಂದೇ. ಕತ್ತಲಲ್ಲಿ ಹೆಡ್‌ಲೈಟ್ ಇಲ್ಲದೆ ಹಿಂಬಾಲಿಸುವ ಡ್ರೈವರ್ ಎರಡು ಚುಕ್ಕಿ ಕಾಣುವಷ್ಟು ದೂರ ಇಟ್ಟುಕೊಂಡರೆ ಸಾಕಿತ್ತು. ಅಮಾವಾಸ್ಯೆಯ ರಾತ್ರಿ ತೋಟದ ದಾರಿಯಲ್ಲಿ ಪರೀಕ್ಷಿಸಿ ನೋಡಿ. ಬನಶಂಕರಿಯ ಬೀದಿದೀಪದಲ್ಲಿ ಅದು ಕಾಣುವುದಿಲ್ಲ.

ಟಾರ್ಚಿನ ಬೆಳಕಿನಲ್ಲಿ ಅಲ್ಲಿ ಉಬ್ಬು ಕಾಣದಿದ್ದರೆ, ಮೊದಲ ಕಿಟಕಿಯನ್ನು ಬಾಗಿಲಿನ ಎಡ ಮೂಲೆಯಲ್ಲಿ, ಕೀಲಿನಿಂದ ಒಂದು ಗೇಣು ದೂರದಲ್ಲಿ ತೆರೆಯಿರಿ. ಉಂಗುರಗಳು ಒದ್ದೆ ಇರುವಾಗಲೇ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ, ಒಣಗಿದರೆ ಕಂದು ಯಾವುದು ಹಸಿರು ಯಾವುದು ಎಂದು ತಿಳಿಯುವುದಿಲ್ಲ. ಪ್ರೈಮರ್ ಡಬ್ಬಿ ಅಲ್ಲಿಯವರೆಗೆ ಅಂಗಡಿಯಲ್ಲೇ ಇರಲಿ.